ಚಳಿಗಾಲದ ಬೆಳಗ್ಗೆ ಕಾರು ಸ್ಟಾರ್ಟ್ ಆಗ್ತಿಲ್ವಾ? ಮೊದಲು ಸೆಲ್ಫ್ ಸದ್ದು ಕೇಳಿ

ಡಿಸೆಂಬರ್ ಬಂತೆಂದರೆ ಬೀದರ್‌ನಿಂದ ಮಡಿಕೇರಿವರೆಗೆ ಬೆಳಗ್ಗೆ ಒಂದೇ ದೂರು. ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಯಾಕೆ ಎಂದು ಕೇಳಿದರೆ ಉತ್ತರವೂ ಒಂದೇ: "ಚಳಿ ಅಲ್ವಾ, ಅದಕ್ಕೇ."

ಈ ಉತ್ತರ ಅರ್ಧ ಮಾತ್ರ ನಿಜ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಇನ್ನು 5ಡಬ್ಲ್ಯೂ-30 ಎಂಜಿನ್ ಆಯಿಲ್ ಇದೆಯಲ್ಲ, ಅದನ್ನು ಮೈನಸ್ 30 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡುತ್ತದೆಯೇ ಎಂದು ಪರೀಕ್ಷೆ ಮಾಡಿರುತ್ತಾರೆ. ಹಾಗಿರುವಾಗ ನಮ್ಮ ಹತ್ತು ಹನ್ನೆರಡು ಡಿಗ್ರಿ ಚಳಿಗೆ ಕಾರು ನಿಂತುಹೋಗಬಾರದು. ನಿಂತಿತು ಅಂದರೆ ಏನೋ ಒಂದು ಆಗಲೇ ಸೋತಿದೆ, ಚಳಿ ಅದನ್ನು ಬಯಲಿಗೆ ತಂದಿದೆ, ಅಷ್ಟೇ. ಹೆಚ್ಚಿನ ಸಲ ಆ ಸೋತಿರುವುದು ಬ್ಯಾಟರಿ. ಅದು ಸೊರಗಿದ್ದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ನಮಗೆ ಗೊತ್ತಾಗುವುದು ಜನವರಿಯಲ್ಲಿ.

ತಣ್ಣಗಿರುವಾಗ ಮೂರು ಕಷ್ಟ ಒಟ್ಟಿಗೆ ಬರುತ್ತವೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಕರೆಂಟ್ ಕಡಿಮೆ ಸಿಗುತ್ತದೆ. ಆಯಿಲ್ ದಪ್ಪಗಾಗಿ ಸೆಲ್ಫ್ ಮೋಟಾರ್ ಜಾಸ್ತಿ ಕರೆಂಟ್ ಕೇಳುತ್ತದೆ. ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಾದರೆ ಗಾಳಿಯನ್ನು ಒತ್ತಿ ಹುಟ್ಟಿಸಿದ ಬಿಸಿಯನ್ನು ತಣ್ಣನೆಯ ಲೋಹ ಹೀರಿಕೊಳ್ಳುತ್ತದೆ. ಆದ್ದರಿಂದ ಮಧ್ಯಾಹ್ನ ಚೆನ್ನಾಗಿರುವ ಕಾರು ಬೆಳಗ್ಗೆ ಮಾತ್ರ ಹಟ ಮಾಡುತ್ತದೆ.

ಪರೀಕ್ಷೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲೇ ಆಗಬೇಕು

ಕಷ್ಟಪಟ್ಟು ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ಅಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ, ಬ್ಯಾಟರಿಗೂ ಸ್ವಲ್ಪ ಚಾರ್ಜ್ ಬಂದಿರುತ್ತದೆ. ಮೆಕ್ಯಾನಿಕ್ ಕೀ ತಿರುಗಿಸುತ್ತಾರೆ, ತಕ್ಷಣ ಸ್ಟಾರ್ಟ್. "ಚೆನ್ನಾಗೇ ಇದೆಯಲ್ಲಾ ಸಾರ್" ಅಂತಾರೆ. ಅವರ ತಪ್ಪಲ್ಲ. ಒಂದೋ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ, ಇಲ್ಲವೇ ಬೆಳಗಿನ ಮೊದಲ ಸ್ಟಾರ್ಟನ್ನು ಫೋನಿನಲ್ಲಿ ವಿಡಿಯೊ ಮಾಡಿ. ಮೀಟರ್ ಬೋರ್ಡಿನ ದೀಪಗಳು ಕಾಣಬೇಕು, ಸದ್ದು ಕೇಳಬೇಕು. ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರ್ ಹೊಗೆ ನೋಡಿದರೆ ಇನ್ನೂ ಒಳ್ಳೆಯದು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್, 10 ನಂಬರ್ ಸ್ಪಾನರ್, ಒಂದು ಟಾರ್ಚ್. ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಕೊಡುವ ಅಂಕಿಗಳನ್ನು ಓದುವ ಸಾಧನ) ಇದ್ದರೆ ಅರ್ಧ ಕೆಲಸ ಹಗುರವಾಗುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವಕ್ಕೆ ಅಪಾಯ.

ಹಂತ 1: ಸದ್ದು ಏನು ಹೇಳುತ್ತಿದೆ?

ಎಸಿ, ಹೆಡ್‌ಲೈಟ್, ಮ್ಯೂಸಿಕ್ ಎಲ್ಲ ಆಫ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಕ್ಲಚ್ ಒತ್ತಿದರೆ ಗೇರ್‌ಬಾಕ್ಸಿನ ಗಟ್ಟಿ ಎಣ್ಣೆಯನ್ನೂ ತಿರುಗಿಸುವ ಹೊರೆ ಸೆಲ್ಫ್‌ಗೆ ತಪ್ಪುತ್ತದೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ. ನಡುವೆ ಅರ್ಧ ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಟ್ಟೀತು.

"ಟಕಟಕಟಕ" ಎಂದು ಬೇಗ ಬೇಗ ಬಡಿದುಕೊಂಡು ಮೀಟರ್ ದೀಪಗಳು ಮಂಕಾದರೆ ಬ್ಯಾಟರಿ ಡೌನ್, ಇಲ್ಲವೇ ಟರ್ಮಿನಲ್ ಸಡಿಲ. "ಊಂ... ಊಂ..." ಎಂದು ಎಂಜಿನ್ ಎಳೆದೆಳೆದು ತಿರುಗಿದರೂ ಹೆಚ್ಚಾಗಿ ಅದೇ ಕಥೆ. ಒಂದೇ ಒಂದು ಗಟ್ಟಿ "ಟಕ್", ಆಮೇಲೆ ಮೌನ, ಆದರೆ ದೀಪಗಳು ಪ್ರಖರವಾಗೇ ಇವೆ ಎಂದರೆ ಸೆಲ್ಫ್ ಮೋಟಾರ್ ಅಥವಾ ಅದಕ್ಕೆ ಕರೆಂಟ್ ಬಿಡುವ ಸ್ವಿಚ್ ಆದ ಸೊಲೆನಾಯ್ಡ್ ಮೇಲೆ ಅನುಮಾನ. ಏನೂ ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಕ್ಲಚ್ ಸ್ವಿಚ್, ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ನಿಜವಾಗಿಯೂ ಪಾರ್ಕ್‌ನಲ್ಲಿದೆಯಾ ಎಂದು ನೋಡಿ.

ಎಂಜಿನ್ ದಿನದಂತೆಯೇ ಚುರುಕಾಗಿ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿಗೆ ದುಡ್ಡು ಸುರಿಯಬೇಡಿ. ಮುಂದಿನ ಮೂರು ಹಂತ ಬಿಟ್ಟು ನೇರ ಪೆಟ್ರೋಲ್ ಅಥವಾ ಡೀಸೆಲ್ ಭಾಗಕ್ಕೆ ಹೋಗಿ. ಮೀಟರ್ ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿಣಮಿಣ ಎನ್ನುತ್ತಿದ್ದರೆ ಅದು ಇಮ್ಮೊಬಿಲೈಸರ್ ತಕರಾರು, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಎರಡನೇ ಕೀ ಹಾಕಿ ನೋಡಿ.

ಹಂತ 2: ಬ್ಯಾಟರಿಯನ್ನು ಅಳೆಯಿರಿ

ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ತೆಗೆದು, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಎರಡು ಟರ್ಮಿನಲ್‌ಗೆ ಹಿಡಿಯಿರಿ. 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್ ಇದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಖಾಲಿ.

ಆದರೆ ನಿಂತಾಗಿನ ವೋಲ್ಟೇಜ್ ಒಂದನ್ನೇ ನಂಬಬೇಡಿ. ಮುದಿ ಬ್ಯಾಟರಿಯೂ 12.5 ತೋರಿಸಿ ಮೋಸ ಮಾಡುತ್ತದೆ. ನಿಜ ತಿಳಿಯುವುದು ಹೊರೆ ಬಿದ್ದಾಗ. ಮೀಟರ್ ಕಡ್ಡಿಗಳನ್ನು ಹಾಗೇ ಹಿಡಿದುಕೊಂಡು ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಎಂಜಿನ್ ತಿರುಗುವಾಗ 10 ವೋಲ್ಟ್‌ಗಿಂತ ಮೇಲೆ ನಿಂತರೆ ಬ್ಯಾಟರಿ ಗಟ್ಟಿಯಿದೆ. 9.6ಕ್ಕಿಂತ ಕೆಳಗೆ ಕುಸಿದರೆ ಒಂದೋ ಚಾರ್ಜ್ ಇಲ್ಲ, ಇಲ್ಲವೇ ಬ್ಯಾಟರಿ ಮುಗಿದಿದೆ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ವೋಲ್ಟೇಜ್ ತೀರಾ ಕುಸಿದಾಗ ಎಂಜಿನ್ ಹೇಗೋ ತಿರುಗಿದರೂ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತಬ್ಬಿಬ್ಬಾಗಿ ಕಿಡಿ, ಇಂಧನ ಎರಡನ್ನೂ ಸರಿಯಾಗಿ ಕೊಡುವುದಿಲ್ಲ. ಪೆಟ್ರೋಲ್ ಪಂಪ್ ಕೆಟ್ಟಿದೆ ಎಂದು ಬದಲಾಯಿಸಿದ ಎಷ್ಟೋ ಗಾಡಿಗಳ ನಿಜವಾದ ರೋಗ ಇದು.

ಯಾವುದು ಎಂದು ಬೇರ್ಪಡಿಸುವುದು ಸುಲಭ. ಬ್ಯಾಟರಿಯನ್ನು ನಿಧಾನವಾಗಿ ಚಾರ್ಜ್ ಮಾಡಿಸಿ. 35 ಆಂಪಿಯರ್ ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರ್‌ನಲ್ಲಿ ಹತ್ತು ಹನ್ನೆರಡು ಗಂಟೆ. "ಅರ್ಧ ಗಂಟೇಲಿ ಮಾಡ್ಕೊಡ್ತೀವಿ" ಎನ್ನುವ ಫಾಸ್ಟ್ ಚಾರ್ಜ್ ಬೇಡ. ಮರುದಿನ ಬೆಳಗ್ಗೆ ಮತ್ತೆ ಸೆಲ್ಫ್ ಹೊಡೆಸಿ ಅಳೆಯಿರಿ. ಆಗಲೂ ಕುಸಿದರೆ ಬ್ಯಾಟರಿ ಬದಲಿಸಲೇಬೇಕು. ನಮ್ಮ ಸೆಕೆಗೆ ಮೂರರಿಂದ ಐದು ವರ್ಷ ಬಾಳಿದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಲೆಕ್ಕ.

ನೀರು ಹಾಕುವ ಬ್ಯಾಟರಿಯಾದರೆ ಚಾರ್ಜ್ ಆದ ಮೇಲೆ ಮೇಲಿನ ಗೆರೆಯವರೆಗೆ ಡಿಸ್ಟಿಲ್ಡ್ ವಾಟರ್ ತುಂಬಿ. ಬಿಸ್ಲೇರಿ ಬಾಟಲಿ ನೀರು ಬೇಡ, ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ. ಎಸಿ ನೀರೂ ಡಿಸ್ಟಿಲ್ಡೇ ಎಂದು ಹಿಡಿದಿಟ್ಟುಕೊಳ್ಳುವವರಿದ್ದಾರೆ. ಅದು ಕಾಯಿಲಿನ ಧೂಳು, ಲೋಹದ ಕಣ ಎಲ್ಲ ತೊಳೆದುಕೊಂಡು ಬಂದಿರುತ್ತದೆ.

ಹೊಸದು ಕೊಳ್ಳುವಾಗ ತಯಾರಾದ ತಿಂಗಳು ಕೇಳಿ. ಅಂಗಡಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತದ್ದು ಬೇಡ. ಸಿಗ್ನಲ್‌ನಲ್ಲಿ ತಾನಾಗೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಗಾಡಿಗೆ ಕಂಪನಿ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಕೊಟ್ಟಿದ್ದರೆ ಅದೇ ಬಗೆಯದ್ದನ್ನೇ ಹಾಕಿಸಿ, ಮಾಮೂಲಿಯದು ಬೇಗ ಸೋಲುತ್ತದೆ. ಬ್ಯಾಟರಿಯ ಮೇಲೆ ಸಿಸಿಎ ಎಂದು ಒಂದು ಸಂಖ್ಯೆ ಇರುತ್ತದೆ. ಅದು ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಲೆಕ್ಕ. ಶಿಕಾಗೊ, ಟೊರೊಂಟೊ ಕಡೆ ಇರುವ ನಮ್ಮವರಿಗೆ ಅದು ಜೀವಾಳ. ನಮಗೆ ಕಂಪನಿ ಕೈಪಿಡಿಯಲ್ಲಿ ಹೇಳಿದಷ್ಟಿದ್ದರೆ ಸಾಕು.

ಹಂತ 3: ಟರ್ಮಿನಲ್ ಮತ್ತು ಅರ್ಥಿಂಗ್

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆಯುತ್ತಿದ್ದರೆ ಕರೆಂಟ್ ದಾರಿಯಲ್ಲೇ ಸೋರುತ್ತಿದೆ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ ನೋಡಿ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಹಾಕುವಾಗ ನೆಗೆಟಿವ್ ಕೊನೆಗೆ. ಅಡುಗೆ ಸೋಡಾ ಕಲಸಿದ ಬೆಚ್ಚಗಿನ ನೀರಿನಿಂದ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಆ ನೀರು ಬ್ಯಾಟರಿಯೊಳಗೆ ಇಳಿಯದಂತೆ ನೋಡಿಕೊಳ್ಳಿ. ಒರೆಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿ. ಕೈಯಲ್ಲಿ ತಿರುಗಿಸಿದರೆ ಟರ್ಮಿನಲ್ ಒಂದಿಷ್ಟೂ ಅಲುಗಬಾರದು.

ಕಣ್ಣಿಗೆ ಚೆನ್ನಾಗಿ ಕಾಣುವ ಕೇಬಲ್ ಒಳಗೆ ಕೊಳೆತಿರಬಹುದು. ಅದಕ್ಕೆ ಆಟೋ ಎಲೆಕ್ಟ್ರಿಷಿಯನ್‌ಗಳು ಮಾಡುವ ಪರೀಕ್ಷೆ ಇದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲ್ಯಾಂಪಿನ ಮೇಲಲ್ಲ. ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ, ಕೆಟ್ಟಿದೆ. ಹಾಗೆಯೇ ಪಾಸಿಟಿವ್ ಕಂಬಕ್ಕೂ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ಹಿಡಿಯಿರಿ, 0.5 ದಾಟಬಾರದು. ಕರಾವಳಿಯ ಉಪ್ಪು ಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡಿದ ಗಾಡಿಗಳಲ್ಲಿ ಬಾಡಿ ಅರ್ಥ್ ಪಟ್ಟಿ ತುಕ್ಕು ಹಿಡಿದಿರುವುದು ಸಾಮಾನ್ಯ. ಹೊಸ ಬ್ಯಾಟರಿ ಹಾಕಿಸಿಯೂ ಬೆಳಗಿನ ಗೋಳು ತಪ್ಪದವರು ಮೊದಲು ನೋಡಬೇಕಾದ ಜಾಗ ಇದೇ.

ಹಂತ 4: ಚಾರ್ಜ್ ಆಗುತ್ತಿದೆಯಾ, ಯಾರಾದರೂ ಕದಿಯುತ್ತಿದ್ದಾರಾ?

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. 13ಕ್ಕಿಂತ ಕೆಳಗೇ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಇತ್ತೀಚಿನ ಕೆಲವು ಗಾಡಿಗಳು ಇಂಧನ ಉಳಿಸಲು ಬೇಕೆಂದೇ ಚಾರ್ಜಿಂಗ್ ತಗ್ಗಿಸುತ್ತವೆ. ಅದಕ್ಕೆ ಹೆಡ್‌ಲೈಟ್ ಹಾಕಿ ಒಮ್ಮೆ ಅಳೆಯಿರಿ.

ಚಾರ್ಜಿಂಗ್ ಸರಿಯಿದ್ದು ಎರಡು ಮೂರು ದಿನ ನಿಂತರೆ ಮಾತ್ರ ಬ್ಯಾಟರಿ ಇಳಿಯುತ್ತಿದ್ದರೆ ಕಳ್ಳ ಕರೆಂಟ್ ಹುಡುಕಬೇಕು. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು, ಕೇಬಲ್‌ಗೂ ಬ್ಯಾಟರಿ ಕಂಬಕ್ಕೂ ನಡುವೆ ಜೋಡಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಲೇಬಾರದು, ಮೀಟರ್ ಸುಡುತ್ತದೆ. ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ, ಗಾಡಿಯ ಕಂಪ್ಯೂಟರ್‌ಗಳು ನಿದ್ದೆಗೆ ಹೋಗಲಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಇದ್ದರೆ? ದಿನಕ್ಕೆ 7.2 ಆಂಪಿಯರ್ ಅವರ್ ಹೋಯಿತು. 35ರ ಬ್ಯಾಟರಿಯಲ್ಲಿ ಮೂರು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದರಲ್ಲಿ ಇಳಿಯುತ್ತದೋ ಆ ದಾರಿ ಹಿಡಿಯಿರಿ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಹೊರಗಡೆ ಹಾಕಿಸಿದ ಸ್ಟೀರಿಯೊ, ಇವರೇ ಮಾಮೂಲಿ ಆರೋಪಿಗಳು. ಚಳಿಗಾಲದಲ್ಲಿ ಬೆಚ್ಚಗೆ ಮಲಗಲು ಎಂಜಿನ್ ಮೇಲೆ ಬರುವ ಇಲಿಯೂ ವೈರ್ ಕಡಿದಿರಬಹುದು.

ಯಾವ ಕಳ್ಳನೂ ಸಿಗದಿದ್ದರೆ ನಿಮ್ಮ ಓಡಾಟವನ್ನೇ ನೋಡಿ. ದಿನಾ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವ ಕಾರಿನಲ್ಲಿ ಸೆಲ್ಫ್‌ಗೆ ಖರ್ಚಾದ ಚಾರ್ಜ್ ವಾಪಸ್ ಬರುವುದೇ ಇಲ್ಲ.

ಈಗಲೇ ಹೊರಡಬೇಕಾ?

ಜಂಪ್ ಕೇಬಲ್ ಕ್ರಮ ಹೀಗೆ: ಕೆಂಪು ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ. ಕೊನೆಯದನ್ನು ಬ್ಯಾಟರಿಗೇ ಹಾಕಿದರೆ ಅಲ್ಲಿ ಹಾರುವ ಕಿಡಿಗೆ ಬ್ಯಾಟರಿಯ ಹೈಡ್ರೋಜನ್ ಹೊತ್ತಿಕೊಳ್ಳಬಹುದು. ಐದು ನಿಮಿಷ ಕಾದು ಸ್ಟಾರ್ಟ್ ಮಾಡಿ, ಬಿಚ್ಚುವಾಗ ಉಲ್ಟಾ ಕ್ರಮ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುವಲ್ ಗೇರಿನ ಗಾಡಿಗೆ ಮಾತ್ರ. ಎರಡನೇ ಗೇರ್, ಕೀ ಆನ್, ವೇಗ ಬಂದಾಗ ಕ್ಲಚ್ ಬಿಡಿ. ಎಎಂಟಿ ಮತ್ತು ಆಟೋಮ್ಯಾಟಿಕ್ ಗಾಡಿಯನ್ನು ತಳ್ಳಿ ಸುಮ್ನೆ ಬೆವರು ಸುರಿಸಬೇಡಿ. ಎಂಜಿನ್ ತಿರುಗುತ್ತಿದ್ದೂ ಹತ್ತದ ಪೆಟ್ರೋಲ್ ಗಾಡಿಯನ್ನು ಬೀದಿಯುದ್ದ ತಳ್ಳುವುದೂ ತಪ್ಪು. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಹಂತ 5: ಪೆಟ್ರೋಲ್ ಗಾಡಿ ತಿರುಗುತ್ತದೆ, ಹತ್ತುವುದಿಲ್ಲ

ಮೊದಲ ಪರೀಕ್ಷೆಗೆ ಕಾಸು ಬೇಡ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ "ಗುಂಯ್" ಎಂದು ಪಂಪ್ ಸದ್ದು ಬರಬೇಕು. ಆಫ್ ಮಾಡಿ ಮತ್ತೆ ಆನ್. ಹೀಗೆ ಮೂರು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ಬಟನ್ ಗಾಡಿಯಲ್ಲಿ ಬ್ರೇಕ್, ಕ್ಲಚ್ ಮುಟ್ಟದೆ ಎರಡು ಸಲ ಬಟನ್ ಒತ್ತಿದರೆ ಇಗ್ನಿಷನ್ ಆನ್ ಆಗುತ್ತದೆ. ಹೀಗೆ ಮಾಡಿದ ದಿನ ತಟ್ಟನೆ ಸ್ಟಾರ್ಟ್ ಆದರೆ ರಾತ್ರಿ ಪೈಪಿನಲ್ಲಿನ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ, ಪಂಪಿನೊಳಗಿನ ಚೆಕ್ ವಾಲ್ವ್ ಅಥವಾ ಸೋರುವ ಇಂಜೆಕ್ಟರ್ ಇದಕ್ಕೆ ಕಾರಣ. ಪಂಪ್ ಅಸೆಂಬ್ಲಿ ದುಬಾರಿ. ಸೋರಿಕೆ, ಪೆಟ್ರೋಲ್ ವಾಸನೆ ಇಲ್ಲವಾದರೆ ಮೂರು ಸಲ ಕೀ ತಿರುಗಿಸಿಕೊಂಡೇ ಈ ಚಳಿಗಾಲ ದೂಡಬಹುದು. ನನ್ನ ಕೇಳಿದರೆ ಹಾಗೇ ಮಾಡಿ ಎನ್ನುತ್ತೇನೆ.

ಎರಡನೆಯದು ಕೂಲಂಟ್ ಟೆಂಪರೇಚರ್ ಸೆನ್ಸರ್. ಹಿಂದೆ ಪ್ರೀಮಿಯರ್ ಪದ್ಮಿನಿ, ಕಾರ್ಬುರೇಟರ್ ಇದ್ದ ಮಾರುತಿ 800 ಓಡಿಸಿದವರಿಗೆ ಚೋಕ್ ಎಳೆದದ್ದು ನೆನಪಿರಬಹುದು. ಇಂದು ಆ ಕೆಲಸ ಇಸಿಯುದು. ಎಂಜಿನ್ ಎಷ್ಟು ತಣ್ಣಗಿದೆ ಎಂದು ಈ ಸೆನ್ಸರ್ ಹೇಳುತ್ತದೆ, ಅದಕ್ಕೆ ತಕ್ಕಂತೆ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಬೆಳಗ್ಗೆ ಎಂಜಿನ್ ಮುಟ್ಟುವ ಮೊದಲು ಓಬಿಡಿ ಸ್ಕ್ಯಾನರ್ ಹಾಕಿ, ಕೀ ಆನ್ ಮಾಡಿ ಎರಡು ಅಂಕಿ ನೋಡಿ: ಕೂಲಂಟ್ ತಾಪಮಾನ, ಒಳಬರುವ ಗಾಳಿಯ ತಾಪಮಾನ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು. ಹೊರಗೆ 12 ಡಿಗ್ರಿ ಇದ್ದು ಕೂಲಂಟ್ 50 ಎಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಎಂಜಿನ್ ಬಿಸಿಯಿದೆ ಎಂದು ನಂಬಿ ಇಸಿಯು ಪೆಟ್ರೋಲ್ ಕಡಿಮೆ ಕೊಡುತ್ತಿದೆ. ಮೈನಸ್ 40 ಎಂದು ಬಂದರೆ ವೈರ್ ಕಿತ್ತಿದೆ. ಚೆಕ್ ಎಂಜಿನ್ ದೀಪ ಹತ್ತದೆಯೂ ಈ ಸೆನ್ಸರ್ ತಪ್ಪು ತೋರಿಸಬಹುದು. ಬೆಳಗಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಕಣ್ತಪ್ಪುವುದು ಇದು, ಬದಲಿಸಲು ಅಗ್ಗವಾದದ್ದೂ ಹೌದು.

ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡು ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತದಾ? ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿ ಗಾಳಿ ಸಾಲುತ್ತಿಲ್ಲ, ಕ್ಲೀನ್ ಮಾಡಿಸಿ. ಪೆಟ್ರೋಲ್ ವಾಸನೆ ಗಪ್ಪೆಂದು ಬರುತ್ತಿದ್ದರೆ ಎಂಜಿನ್ ಫ್ಲಡ್ ಆಗಿದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಇಸಿಯು ಆಗ ಪೆಟ್ರೋಲ್ ನಿಲ್ಲಿಸಿ ಗಾಳಿ ಮಾತ್ರ ಬಿಡುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇದು ಹೇಗೆ ಆಗುತ್ತದೆ ಗೊತ್ತಾ? ಪಕ್ಕದವರ ಗಾಡಿ ತೆಗೆಯಲೆಂದು ಬೆಳಗ್ಗೆ ಕಾರನ್ನು ಹತ್ತಡಿ ಮುಂದೆ ತಂದು ತಕ್ಷಣ ಆಫ್ ಮಾಡುತ್ತಾರೆ. ತಣ್ಣನೆಯ ಎಂಜಿನ್ನಿಗೆ ಬಿಟ್ಟ ಹೆಚ್ಚುವರಿ ಪೆಟ್ರೋಲ್ ಪ್ಲಗ್ಗನ್ನು ನೆನೆಸಿಬಿಡುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಎರಡು ಮೂರು ನಿಮಿಷ ಓಡಲು ಬಿಡಿ.

ಸ್ಪಾರ್ಕ್ ಪ್ಲಗ್ ಮಾಮೂಲಿ ನಿಕ್ಕಲ್‌ನದ್ದಾದರೆ 30,000 ಕಿಲೋಮೀಟರ್ ಹೊತ್ತಿಗೆ ಬದಲಿಸಿ. ಸವೆದು ಅಂತರ ಹೆಚ್ಚಾದ ಪ್ಲಗ್ ಹಗಲು ಹೇಗೋ ತಳ್ಳುತ್ತದೆ, ಚಳಿಯಲ್ಲಿ ಬಿದ್ದುಹೋಗುತ್ತದೆ.

ಸಿಎನ್‌ಜಿ ಗಾಡಿಯವರಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರ ಗಾಡಿ ತಣ್ಣಗಿರುವಾಗ ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗಿ, ಆಮೇಲೆ ಗ್ಯಾಸಿಗೆ ಹೊರಳುತ್ತದೆ. ಹೇಗೂ ಗ್ಯಾಸಿದೆ ಎಂದು ಪೆಟ್ರೋಲನ್ನು ತಳದಲ್ಲಿ ತಿಂಗಳುಗಟ್ಟಲೆ ಹಳಸಲು ಬಿಟ್ಟರೆ ಪಂಪೂ ಬಿಸಿಯಾಗಿ ಕೆಡುತ್ತದೆ, ಬೆಳಗಿನ ಸ್ಟಾರ್ಟೂ ಕೆಡುತ್ತದೆ. ಕಾಲು ಟ್ಯಾಂಕ್ ಹೊಸ ಪೆಟ್ರೋಲ್ ಇರಲಿ, ವಾರಕ್ಕೊಮ್ಮೆ ಸ್ವಲ್ಪ ದೂರ ಅದರಲ್ಲೇ ಓಡಿಸಿ.

ಹಂತ 6: ಡೀಸೆಲ್ ಗಾಡಿ

ಇಲ್ಲಿ ಹೊಗೆ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಸಿಲಿಂಡರ್ ಒಳಗನ್ನು ಬಿಸಿಮಾಡುವ ಹೀಟರ್ ಪ್ಲಗ್ ಕಡೆ ಗಮನ ಕೊಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ.

ಒಂದು ಹೀಟರ್ ಪ್ಲಗ್ ಸತ್ತಿದ್ದರೆ ಎಂಜಿನ್ ಸ್ಟಾರ್ಟ್ ಆಗಿ ಹತ್ತಿಪ್ಪತ್ತು ಸೆಕೆಂಡ್ ಗಡಗಡ ನಡುಗಿ, ಬಿಳಿ ಹೊಗೆ ಬಿಟ್ಟು ಸರಿಹೋಗುತ್ತದೆ. ಎರಡು ಮೂರು ಸತ್ತರೆ ಸ್ಟಾರ್ಟೇ ಕಷ್ಟ. ಪ್ಲಗ್ಗಿನ ವೈರ್ ಬಿಚ್ಚಿ, ಮೀಟರನ್ನು ಓಮ್ಸ್‌ಗೆ ಇಟ್ಟು ಪ್ಲಗ್ಗಿನ ತುದಿಗೂ ಎಂಜಿನ್ ಲೋಹಕ್ಕೂ ಹಿಡಿಯಿರಿ. ಒಳ್ಳೆಯದು ಸಾಮಾನ್ಯವಾಗಿ 2 ಓಮ್ ಒಳಗೆ ತೋರಿಸುತ್ತದೆ, ಸತ್ತದ್ದು ಏನೂ ತೋರಿಸುವುದಿಲ್ಲ. ಎಲ್ಲ ಚೆನ್ನಾಗಿದ್ದರೆ ಕೀ ಆನ್ ಮಾಡಿದಾಗ ವೈರಿಗೆ ಕರೆಂಟ್ ಬರುತ್ತಿದೆಯಾ ನೋಡಿ, ರಿಲೇ ಅಥವಾ ಕಂಟ್ರೋಲ್ ಯೂನಿಟ್ ಹೋಗಿರಬಹುದು. ಕೆಲವರು ಪ್ಲಗ್ಗಿಗೆ ನೇರ 12 ವೋಲ್ಟ್ ಕೊಟ್ಟು ಕೆಂಪಾಗುತ್ತದಾ ಎಂದು ನೋಡುತ್ತಾರೆ. ಹೊಸ ಗಾಡಿಗಳಲ್ಲಿ ಅದಕ್ಕಿಂತ ಕಡಿಮೆ ವೋಲ್ಟೇಜಿನ ಪ್ಲಗ್ ಇರುತ್ತವೆ, ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಹಳೆಯ ಪ್ಲಗ್ ಬಿಚ್ಚುವುದನ್ನೂ ಅನುಭವ ಇದ್ದವರಿಗೇ ಬಿಡಿ. ಮಸಿ ಕಟ್ಟಿ ಕಚ್ಚಿಕೊಂಡದ್ದನ್ನು ಜೋರು ಮಾಡಿದರೆ ಮುರಿದು ಒಳಗೆ ಉಳಿಯುತ್ತದೆ, ಹೆಡ್ ಇಳಿಸಬೇಕಾಗಬಹುದು.

ಹೊಗೆ ಇಲ್ಲದ ಗಾಡಿಯಲ್ಲಿ ಡೀಸೆಲ್ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ನೀರು ಬಸಿಯಿರಿ. ಫಿಲ್ಟರ್ ಮೇಲೆ ಕೈಪಂಪು ಇದ್ದರೆ ಬೆಳಗ್ಗೆ ಒತ್ತಿ ನೋಡಿ. ಮೆತ್ತಗಿದ್ದು, ಗಟ್ಟಿಯಾಗುವವರೆಗೆ ಒತ್ತಿದ ಮೇಲೆ ಸ್ಟಾರ್ಟ್ ಆದರೆ ರಾತ್ರಿ ಎಲ್ಲೋ ಗಾಳಿ ಸೇರುತ್ತಿದೆ. ಬಿರುಕು ಬಿಟ್ಟ ಪೈಪ್, ಸವೆದ ಕ್ಲಿಪ್ ಹುಡುಕಿ. ಸ್ಕ್ಯಾನರ್ ಇದ್ದರೆ ಸೆಲ್ಫ್ ಹೊಡೆಯುವಾಗ ರೈಲ್ ಒತ್ತಡ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ, ನೋಡಿ. ಹೆಚ್ಚಿನ ಕಾಮನ್ ರೈಲ್ ಎಂಜಿನ್‌ಗಳು 200 ಬಾರ್ ಆಸುಪಾಸು ಬಾರದೆ ಹತ್ತುವುದಿಲ್ಲ. ಇಂಜೆಕ್ಟರ್ ಒಳಸೋರಿಕೆಯಿದ್ದರೆ ಎಂಜಿನ್ ಬಿಸಿಯಿದ್ದಾಗ ತೊಂದರೆ ಇನ್ನೂ ಜಾಸ್ತಿಯಾಗುವುದೇ ಸಾಮಾನ್ಯ. ಬೆಳಗ್ಗೆ ಮಾತ್ರ ಕಾಡುವ ಗಾಡಿಗೆ ಯಾರಾದರೂ ನಾಲ್ಕೂ ಇಂಜೆಕ್ಟರ್ ಬದಲಿಸಿ ಎಂದರೆ ಕೊಂಚ ತಡೆಯಿರಿ.

ಈಥರ್ ಇರುವ ಸ್ಟಾರ್ಟಿಂಗ್ ಸ್ಪ್ರೇಯನ್ನು ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಹೊಡೆಯಲೇಬೇಡಿ. ಬಿಸಿ ಪ್ಲಗ್ ತಾಗಿ ಇನ್‌ಟೇಕ್‌ನಲ್ಲೇ ಸಿಡಿಯುತ್ತದೆ.

ಡೀಸೆಲ್‌ನಲ್ಲಿರುವ ಮೇಣ ತೀರಾ ಚಳಿಯಲ್ಲಿ, ಡಬ್ಬದಲ್ಲಿ ಕೊಬ್ಬರಿ ಎಣ್ಣೆ ಕಟ್ಟಿಕೊಳ್ಳುವ ಹಾಗೆ ಗಟ್ಟಿಯಾಗಿ ಫಿಲ್ಟರ್ ಮುಚ್ಚುತ್ತದೆ. ಕರ್ನಾಟಕದಲ್ಲಿ ಈ ಭಯ ಬೇಡ. ಆದರೆ ಚಳಿಗಾಲದಲ್ಲಿ ಇಲ್ಲಿಂದ ಲಡಾಖ್, ಸ್ಪಿತಿ ಕಡೆ ಗಾಡಿ ಓಡಿಸಿಕೊಂಡು ಹೋಗುವವರಿಗೆ ಇದು ನಿಜವಾದ ಸಮಸ್ಯೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಕೆಳಗಿನ ಊರಿನ ಡೀಸೆಲ್ ಆದಷ್ಟು ಖಾಲಿ ಮಾಡಿಕೊಂಡು, ಮೇಲೆ ಹೋಗಿ ಅಲ್ಲಿಯದನ್ನು ತುಂಬಿಸಿ.

ಹಂತ 7: ಇಷ್ಟಾದರೂ ಸರಿಹೋಗದಿದ್ದರೆ

ಆಯಿಲ್ ನೋಡಿ. ಕೈಪಿಡಿ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಹೇಳಿದ ಎಂಜಿನ್ನಿಗೆ "ಗಟ್ಟಿ ಇರ್ಲಿ" ಎಂದು 20ಡಬ್ಲ್ಯೂ-50 ಹಾಕಿಸಿದ್ದರೆ ಬೆಳಗ್ಗೆ ಸೆಲ್ಫ್ ಎಳೆಯುವುದು ಸಹಜ.

ಉಳಿದದ್ದು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಒತ್ತಿದಾಗ ಹುಟ್ಟುವ ಒತ್ತಡ. ಗ್ಯಾರೇಜಿನಲ್ಲಿ ಗೇಜ್ ಹಾಕಿ ಅಳೆಸಿ. ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಜಾಸ್ತಿ ವ್ಯತ್ಯಾಸ ಇರಬಾರದು. ಪೆಟ್ರೋಲ್ ಎಂಜಿನ್ನಿನಲ್ಲಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಏರಿದರೆ ಪಿಸ್ಟನ್ ರಿಂಗ್ ಸವೆದಿವೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ವಾಲ್ವ್ ಕೆಲಸ ಹೆಡ್ ಇಳಿಸಿದರೆ ಮುಗಿಯುತ್ತದೆ. ರಿಂಗ್ ಎಂದರೆ ಪೂರ್ತಿ ಎಂಜಿನ್ ಬಿಚ್ಚಬೇಕು. ಬಿಚ್ಚಲು ಹೇಳುವ ಮೊದಲು ಅಂದಾಜು ಬರೆಸಿಕೊಳ್ಳಿ, ನಿಮ್ಮ ಕಾರಿಗೆ ಇಂದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಎಷ್ಟು ಬರುತ್ತದೆ ಎಂದೂ ವಿಚಾರಿಸಿಕೊಳ್ಳಿ.